ಯಾವ ಕೈ ಎಂದು ಕೇಳಿದ ಟೆನಿಸ್

ಕಳೆದ ವಾರ ಹಾವೇರಿಯ ನಮ್ಮ ಮನೆಗೆ ಹೊಸ ಮಿಕ್ಸರ್ ಬಂತು. ಪೆಟ್ಟಿಗೆಯೊಳಗಿನ ಥರ್ಮಾಕೋಲ್ ಎಳೆದಾಗ ಅದು ಕಿರ್ರೆಂದಿತು. ಆ ಸದ್ದಿಗೆ ಬೇರೆಯವರಿಗೆ ಹಲ್ಲು ಜುಮ್ಮೆನ್ನುತ್ತದಂತೆ. ನನಗೆ ಎಡತೋಳು ತಾನಾಗಿ ಮೇಲೇಳುತ್ತದೆ. ಹುಚ್ಚಿ ಎನ್ನಬೇಡಿ. ಕಾರಣ ಇದೆ, ಕೂತು ಕೇಳಿ.

ನಾನು ಎಡಚಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟವರ ಮನೆಯಲ್ಲಿ ಎಡಗೈಯ ಮಗಳು ಹುಟ್ಟುವುದು ಸಣ್ಣ ಫಜೀತಿಯಲ್ಲ. ಬಂದ ಗಿರಾಕಿಗೆ ಚೀಲದಿಂದ ಒಂದು ಹಿಡಿ ಕಾಯಿ ಎತ್ತಿ ತೋರಿಸಬೇಕು. ನಾನು ಎಡಗೈಯಲ್ಲಿ ಎತ್ತಿದೆನೋ, ಅಪ್ಪ ಗಾದಿಯ ಮೇಲೆ ಕೂತಲ್ಲಿಂದಲೇ ಕೆಮ್ಮುತ್ತಿದ್ದರು. ಮೆಣಸಿನಕಾಯಿ ಅಂಗಡಿಯಲ್ಲಿ ಎಲ್ಲರೂ ಕೆಮ್ಮುತ್ತಾರೆ, ನಿಜ. ಆದರೆ ಆ ಕೆಮ್ಮು ಬೇರೆ ಎಂದು ನನಗೆ ಗೊತ್ತಾಗುತ್ತಿತ್ತು.

ಅವ್ವನದು ಕೆಮ್ಮಿಗೆ ಮುಗಿಯುವ ವ್ಯವಹಾರವಲ್ಲ. ನಾನು ಚಿಕ್ಕವಳಿದ್ದಾಗ ನನ್ನ ಎಡಗೈಗೆ ಹಳೆಯ ಸೀರೆಯ ಅಂಚು ಸುತ್ತಿ ಕಟ್ಟಿಬಿಡುತ್ತಿದ್ದಳು. "ಬಲಗೈಲೆ ಮಾಡು. ನಾಳೆ ಮಂದಿ ಮನ್ಯಾಗ ಎಡಗೈಲೆ ಬಡಿಸಿದ್ರ ಬೈಸಿಕೊಳ್ಳಾಕಿ ನಾನ" ಎನ್ನುತ್ತಿದ್ದಳು. ಹೀಗೆ ನನ್ನ ಬಲಗೈ ಬರೆಯುವುದನ್ನೂ ಬಡಿಸುವುದನ್ನೂ ಕಲಿಯಿತು. ಬರೆದದ್ದನ್ನು ಮಾಸ್ತರರಿಗೆ ಓದಲಾಗುತ್ತಿರಲಿಲ್ಲ, ಬಡಿಸಿದ ಸಾರು ಅರ್ಧ ನೆಲಕ್ಕೆ ಹೋಗುತ್ತಿತ್ತು, ಅದು ಬೇರೆ ಮಾತು.

ನನಗಿಂತ ಎರಡು ವರ್ಷಕ್ಕೆ ದೊಡ್ಡವನು ಅಣ್ಣ ಈರಣ್ಣ. ಟಿ.ವಿ.ಗೆ ಸಿಕ್ಕಿಸಿ ಆಡುವ, ಗುಂಡಿ ಒತ್ತುವ ಹಳೆಯ ಯಂತ್ರವೊಂದು ನಮ್ಮ ಮನೆಯಲ್ಲಿತ್ತು. ಅದರಲ್ಲಿ ಒಂದು ಟೆನಿಸ್ ಆಟ. ನಮ್ಮೂರಿನಲ್ಲಿ ಟೆನಿಸ್ ಅಂಗಳ ಕಂಡವರಿರಲಿಲ್ಲ. ಟೆನಿಸ್ ಚೆಂಡು ಇದ್ದದ್ದು ಕ್ರಿಕೆಟ್ಟಿಗೆ. ಆದರೂ ಆ ಆಟದ ಹುಚ್ಚು ಇಬ್ಬರಿಗೂ ಹಿಡಿದಿತ್ತು. ಯಾವ ಗುಂಡಿಯ ಹಿಂದೆ ಯಾವ ಗುಂಡಿ ಎಂಬುದು ಈರಣ್ಣನಿಗೆ ಬಾಯಿಪಾಠ. ನಾನು ಒಮ್ಮೆಯೂ ಗೆದ್ದವಳಲ್ಲ. ಸೋತಾಗಲೆಲ್ಲ ಅವನು, "ಎಡಚಿ ನೀ, ಹೆಂಗ ಗೆಲ್ತಿ?" ಎಂದು ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ನಾನು ಕಾಲೇಜು ಸೇರಿದ ವರ್ಷ, ಅಂದರೆ ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ರಾಣೇಬೆನ್ನೂರಿನಲ್ಲಿ ಟಿ.ವಿ. ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವ ಮುಂಬಯಿಯಿಂದ ಹೊಸ ಯಂತ್ರ ತರಿಸಿದ. ಆಡುವಾಗ ಗುಂಡಿ ಒತ್ತುವ ಕೆಲಸವಿಲ್ಲ, ಕೈಯಲ್ಲಿ ಕೋಲಿನಂಥದೊಂದನ್ನು ಹಿಡಿದು ಬೀಸಿದರೆ ಟಿ.ವಿ.ಯೊಳಗಿನ ಆಟಗಾರನೂ ಬೀಸುತ್ತಾನೆ. ನಮ್ಮ ಹಳೆಯ ಟೆನಿಸ್ಸೇ ಈ ಯಂತ್ರಕ್ಕೆ ಹೊಂದಿಕೊಂಡು ಬಂದಿತ್ತು. ದೀಪಾವಳಿಯ ದಿನಗಳಲ್ಲಿ ಅಂಗಡಿ ಬಾಗಿಲಲ್ಲಿ ದೊಡ್ಡ ಟಿ.ವಿ. ಇಟ್ಟು, ಅದರ ಮುಂದೆ ಚೆನ್ನಾಗಿ ಆಡುವವರನ್ನು ನಿಲ್ಲಿಸಿದರೆ ಜನ ಸೇರುತ್ತಾರೆ, ಸೇರಿದವರು ಟಿ.ವಿ. ಕೊಳ್ಳುತ್ತಾರೆ ಎಂಬುದು ಮಾವನ ಲೆಕ್ಕ. "ಅಕ್ಕಾ, ಈರಣ್ಣನ್ನ ಕಳಸು" ಎಂದು ಫೋನ್ ಮಾಡಿದ. ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಆದರೆ ಬಾಗಿಲಲ್ಲಿ ನಾನು ನಿಲ್ಲಬೇಕು ಎಂಬ ಆಸೆ ನನಗೆ. ಈರಣ್ಣನ ಜೊತೆ ಸೀರೆ ಕೊಳ್ಳಲು ಹೊರಟ ಅವ್ವನ ಬೆನ್ನು ಹತ್ತಿ ನಾನೂ ಬಸ್ಸು ಹತ್ತಿದೆ.

ನಮ್ಮೆದುರೇ ಥರ್ಮಾಕೋಲ್ ಕಿರ್ರೆನ್ನಿಸಿ ಯಂತ್ರವನ್ನು ಹೊರತೆಗೆದು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಮಾವ ಆಟ ಶುರುಮಾಡಿದ. ಖರೇ ಹೇಳಬೇಕೆಂದರೆ ಮೊದಲ ನೋಟಕ್ಕೆ ನನಗೆ ನಿರಾಸೆಯಾಯಿತು. ಅದೇ ಅಂಗಳ, ಅದೇ ನಾಲ್ಕು ಮುಖಗಳನ್ನು ಮತ್ತೆ ಮತ್ತೆ ಅಂಟಿಸಿದ ಪ್ರೇಕ್ಷಕರು. ದೊಡ್ಡ ಪರದೆಯಲ್ಲಿ ಬಣ್ಣವೂ ಮಾಸಿದಂತೆ ಕಾಣುತ್ತಿತ್ತು. ಇದಕ್ಕೇನು ಇಷ್ಟು ಸಂಭ್ರಮ ಎಂದುಕೊಂಡೆ. ಆದರೆ ಕೋಲು ನನ್ನ ಕೈಗೆ ಬಂದು, ಒಂದು ಸಲ ಬೀಸಿ, ಚೆಂಡು ತಾಗಿದ ಕ್ಷಣಕ್ಕೆ ಕೋಲೇ ಅಂಗೈಯೊಳಗೆ ಗುರ್ರೆಂದು ನಡುಗಿತಲ್ಲ, ಅಬ್ಬಬ್ಬಾ! ಇಲ್ಲದ ಚೆಂಡಿಗೆ ಭಾರ ಬಂದಂತಾಯಿತು. ಮಾವ ಸೊಳ್ಳೆ ಹೊಡೆದಂತೆ ಬೀಸುತ್ತಿದ್ದ, ಅದಕ್ಕೂ ಚೆಂಡು ಹೋಗುತ್ತಿತ್ತು.

ಈರಣ್ಣನೇ ಎಲ್ಲ ಒತ್ತಿ ಆಟ ಹಚ್ಚಿ, ಇನ್ನೊಂದು ಕೋಲು ಹಿಡಿದು ನನಗೆ ಎದುರಾಳಿಯಾಗಿ ನಿಂತ. ಬಲಗೈಯಲ್ಲಿ ಬೀಸಿದೆ, ಸೋತೆ. ಇನ್ನೊಂದಾಟ, ಮತ್ತೆ ಸೋತೆ. "ಗುಂಡಿ ಒತ್ತಿದ್ರೂ ಅಷ್ಟ, ಬೀಸಿದ್ರೂ ಅಷ್ಟ" ಎಂದು ಅವನು ನಕ್ಕು ಚಹಾ ತೆಗೆದುಕೊಳ್ಳಲು ತಿರುಗಿದ. ಆ ಹೊತ್ತಿನಲ್ಲಿ ನಾನೇ ಹೊಸ ಆಟಕ್ಕೆ ಒತ್ತಿದೆ. ಅವನು ಇದುವರೆಗೆ ಸರಸರನೆ ದಾಟಿಸಿಬಿಟ್ಟಿದ್ದ ಒಂದು ಪುಟ ಆಗ ನನ್ನ ಕಣ್ಣಿಗೆ ಬಿತ್ತು. ಎರಡು ಕೈಗಳ ಚಿತ್ರ, ಮೇಲೊಂದು ಪ್ರಶ್ನೆ: ಯಾವ ಕೈಯಲ್ಲಿ ಆಡುತ್ತೀರಿ?

ನಾನು ಹಾಗೇ ನಿಂತೆ. ಹುಟ್ಟಿದಾಗಿನಿಂದ ಈ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಹಿಂದೆ ಸ್ಟೂಲಿನ ಮೇಲೆ ಸೀರೆಯ ಚೀಲ ಹಿಡಿದು ಕೂತಿದ್ದ ಅವ್ವನ ಕಡೆ ಒಮ್ಮೆ ನೋಡಿ, ಎಡಗೈಯ ಚಿತ್ರ ಒತ್ತಿದೆ. ಟಿ.ವಿ.ಯೊಳಗಿನ ನನ್ನ ಆಟಗಾರ್ತಿ ಒಂದು ಮಾತೂ ಆಡದೆ ರ‍್ಯಾಕೆಟ್ಟನ್ನು ಎಡಗೈಗೆ ತೆಗೆದುಕೊಂಡಳು.

"ಏ, ಅದ್ಯಾವ ಕೈಲೆ ಹಿಡದೀ?" ಅವ್ವನ ದನಿ ಬಂತು.

"ಎಡಗೈಲೆ ಅವ್ವಾ. ಯಾವ ಕೈ ಅಂತ ಇದು ಕೇಳ್ತು, ನಾ ಹೇಳಿದೆ."

ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಈರಣ್ಣ ಚಹಾ ಬಿಟ್ಟು ಕೋಲು ಹಿಡಿದಿದ್ದ, ನನ್ನ ಮೊದಲ ಹೊಡೆತ ಅವನ ಆಟಗಾರನ ಕಿವಿಯ ಪಕ್ಕದಿಂದ ಹಾದುಹೋಯಿತು.

ಮುಂದಿನದನ್ನು ಕೊಚ್ಚಿಕೊಳ್ಳದೆ ಹೇಳುವುದು ನನಗೆ ಬರುವುದಿಲ್ಲ. ಅವನು ಕಾಯುತ್ತಿದ್ದ ಕಡೆ ಚೆಂಡು ಬರುತ್ತಲೇ ಇರಲಿಲ್ಲ. ಬೆರಳಿನ ಬಾಯಿಪಾಠ ಇಲ್ಲಿ ಕೆಲಸಕ್ಕೆ ಬರದೆ ಅವನು ಆ ಮೂಲೆಗೆ ಈ ಮೂಲೆಗೆ ತಡಬಡಿಸಿದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ದೇವರಗುಡ್ಡದಿಂದ ಪೇಟೆಗೆ ಬಂದ ಹಿರಿಯರೊಬ್ಬರು ಚೀಲ ಕೆಳಗಿಟ್ಟು, "ಭಲೇ ತಂಗಿ!" ಎಂದರು. ಆದರೂ ಈರಣ್ಣ ಬಿಡಲಿಲ್ಲ, ಹಟಕ್ಕೆ ಬಿದ್ದು ಸರಿಸಮ ತಂದ. ಕೊನೆಯ ಪಾಯಿಂಟಿಗೆ ನನ್ನ ತೋಳು ಸೋತಿತ್ತು. ಜನ ನೋಡುತ್ತಿದ್ದಾರೆ ಎಂಬ ಅಂಜಿಕೆಗೋ ಹಳೆಯ ರೂಢಿಗೋ ಕೋಲನ್ನು ಬಲಗೈಗೆ ದಾಟಿಸಿಬಿಟ್ಟೆ.

"ಏ ಹುಡುಗಿ! ಆ ಕೈ ಬ್ಯಾಡ! ಮೊದಲಿನ ಕೈಲೆ ಹೊಡಿ!"

ತಿರುಗಿ ನೋಡಿದೆ. ಅವ್ವ! ಸೀರೆಯ ಚೀಲ ಕೆಳಗೆ ಬಿದ್ದಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೂಲಿನಿಂದ ಎದ್ದು ನಿಂತಿದ್ದಳು. ಕೋಲು ಎಡಗೈಗೆ ಬಂತು. ಬೀಸಿದೆ. ಚೆಂಡು ಗೆರೆಯ ಒಳಗೇ ಬಿದ್ದು ಹಾರಿಹೋಯಿತು, ಈರಣ್ಣನ ಆಟಗಾರ ಅಂಗಾತ ಬಿದ್ದ. ಅಂಗಡಿ ಮುಂದೆ ಸಿಳ್ಳೆಯೋ ಸಿಳ್ಳೆ. ನಾನು ಕುಣಿದೆ, ನಾಚಿಕೆ ಬಿಟ್ಟು ಕುಣಿದೆ. "ಈಕೀನ ನಿಲ್ಲಲಿ ಬಾಗಲದಾಗ" ಎಂದ ಮಾವ. ಆ ದೀಪಾವಳಿಯುದ್ದಕ್ಕೂ ದಿನಾ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ನಾನೇ ನಿಂತೆ. ಆ ಮೊದಲ ದಿನ ಸಂಜೆ ಬಸ್ಸಿನಲ್ಲಿ ಅವ್ವ ನನ್ನ ಎಡ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಊರು ಬರುವವರೆಗೂ ತಿಕ್ಕುತ್ತಿದ್ದಳು.

ಮೊನ್ನೆ ಭಾನುವಾರ ಬ್ಯಾಡಗಿಗೆ ಹೋಗಿದ್ದೆ. ಈಗ ಅಂಗಡಿ ನೋಡಿಕೊಳ್ಳುವವನು ಈರಣ್ಣನೇ. ಅವನ ಮಗಳಿಗೆ ಅಂದು ಮೊದಲ ಸಲ ಪಾಟಿ ಕೊಟ್ಟಿದ್ದರು. ಬಳಪ ಅವಳ ಎಡಗೈಯಲ್ಲಿತ್ತು. "ಅತ್ತೀ ಹಂಗ ಎಡಚಿ ಆದ್ಲು ನೋಡವ್ವಾ" ಎನ್ನುತ್ತ ಅವನು ಬಳಪ ತೆಗೆದು ಬಲಗೈಗೆ ಕೊಡಲು ಹೋದ.

ಅವ್ವ ಅವನ ಕೈ ಹಿಡಿದಳು. "ಬಿಡು. ಊಟಕ್ಕ ಬಲಗೈ. ಉಳದದ್ದಕ್ಕ ಅಕೀನ್ನ ಕೇಳು."

ಈರಣ್ಣ ನನ್ನ ಮುಖ ನೋಡಿದ. ನಾನು ಹುಬ್ಬು ಹಾರಿಸಿದೆ. ಅವನು ಮೊಣಕಾಲೂರಿ ಮಗಳ ಮುಂದೆ ಕೂತು, "ಯಾವ ಕೈ ಯವ್ವಾ?" ಎಂದು ಕೇಳಿದ. ಅವಳು ಉತ್ತರ ಕೊಡುವ ಮೊದಲೇ ನಾನು ಗೆದ್ದಿದ್ದೆ.