ಗೌರಮ್ಮನವರ ಹಳೇ ಮಿಷನ್

ಕೌದಿ ಹೊಲಿಯೋಕೆ ಗಟ್ಟಿಮುಟ್ಟಾದ ಹಳೇ ಮಿಷನ್ನೇ ಬೇಕು ಅಂತ ಹುಡುಕುತ್ತಿದ್ದೆ. ಕೊತ್ತಗೆರೆಯ ಗೌರಮ್ಮ ಅನ್ನೋರು ಕಣ್ಣು ಮಂಜಾಗಿದ್ದರಿಂದ ತಮ್ಮ ಕಾಲ್ಮಿಷನ್ ಮಾರುತ್ತಾರಂತೆ ಅಂತ ತಿಳಿದು ಗುಬ್ಬಿಯಿಂದ ಹೋದೆ.

“ಏನ್ ಹೊಲಿತೀಯವ್ವ?” ಅಂದರು.

“ಕೌದಿ ಅಮ್ಮ.”

“ಕೌದೀನ ಕೈಯಲ್ಲಿ ಹೊಲೀಬೇಕು. ಮಿಷನ್ಗೆ ಯಾಕ್ ಆ ಶಿಕ್ಷೆ? ನಾನ್ ಕೊಡಕಿಲ್ಲ ಬುಡು.”

ಬರಿಗೈಯಲ್ಲಿ ವಾಪಸ್ ಹೋಗೋಕೆ ಮನಸ್ಸಾಗಲಿಲ್ಲ. ಒಂದು ಸಲ ಹೊಲಿದು ತೋರಿಸ್ತೀನಿ ಅಂತ ಗೋಗರೆದೆ. ಅವರು ಹಳೇ ಸೀರೆಯೊಂದನ್ನು ದಪ್ಪಗೆ ಮಡಚಿ ಮುಂದಿಟ್ಟರು. ಸೂಜಿ ಮುರಿದರೆ ಕೆಲಸ ಕೆಟ್ಟಿತು ಅಂದುಕೊಂಡು ಮೆಲ್ಲಗೆ ತುಳಿದೆ. ಮಿಷನ್ ಒಮ್ಮೆ ಮುಲುಗಿತು, ಆಮೇಲೆ ಸಲೀಸಾಗಿ ಓಡಿತು. ಆ ಸದ್ದಿಗೇ ನಾನು ಮನಸೋತುಬಿಟ್ಟೆ. ಗೌರಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿದರು, ಬಟ್ಟೆ ತಿರುಗಿಸಿ ಅಡಿಯ ದಾರವನ್ನೂ ಮುಟ್ಟಿ ನೋಡಿದರು.

“ಇಷ್ಟು ವರ್ಷ ಬರೀ ಲಂಗ, ಬ್ಲೌಸೇ ಹೊಲ್ದೆ ಕಣವ್ವ. ಇದಕ್ಕೆ ಇಂಥ ತಾಕತ್ತಿತ್ತಾ?” ಅಂತ ತಮ್ಮನ್ನೇ ತಾವು ಕೇಳಿಕೊಂಡಂತೆ ಅಂದು, ಕೊನೆಗೆ “ತಗೊಂಡೋಗು” ಅಂದರು.

ಮುಂದಿನ ತಿಂಗಳು ನೋಡಿದರೆ ಗೌರಮ್ಮ ನಮ್ಮ ಬಾಗಿಲಲ್ಲಿ, ಬಗಲಲ್ಲೊಂದು ಬಟ್ಟೆಗಂಟು. ಮೊಮ್ಮಕ್ಕಳಿಗೆಲ್ಲ ಕೌದಿ ಬೇಕಂತೆ. ನಾನು ಮಿಷನ್ ಕೊಂಡೆ ಅಂತ ಬೀಗುತ್ತಿದ್ದೆ. ಅಸಲಿಗೆ ಅವರೇ ಒಬ್ಬ ಟೈಲರನ್ನು ಹಿಡಿದಿದ್ದರು.