ಸಿಸ್ಟರ್ ಹಿಂದೆ ಕೂತವಳು

ಹೊಸ ಸ್ಕೂಟಿಯ ಸೀಟಿಗೆ ಒಂದು ವಾಸನೆ ಇರುತ್ತದೆ, ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ. ಹೋದ ತಿಂಗಳು ಲಿಂಗಸುಗೂರಿನಲ್ಲಿ ಗಾಡಿ ಕೊಂಡು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುವಾಗ ಅದು ಮೂಗಿಗೆ ಬಡಿಯಿತು. ನಾನು ಸಂತೋಷಪಡಬೇಕಿತ್ತು. ಆದರೆ ನೆನಪಾದದ್ದು ಸಿಂಧನೂರಿನಲ್ಲಿ ಓದುವಾಗಿನ ನಮ್ಮ ಸಿಸ್ಟರ್, ಅವರ ಸ್ಕೂಟಿ, ಮತ್ತು ಅದರ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದ ವಳಕಮದಿನ್ನಿಯ ಹುಡುಗಿ. ಆರಿಹೋಗಿದೆ ಅಂದುಕೊಂಡಿದ್ದ ಹೊಟ್ಟೆಕಿಚ್ಚು ಮತ್ತೆ ಹತ್ತಿಕೊಂಡಿತು...

ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಹೆಣ್ಣುಮಕ್ಕಳ ಕಾಲೇಜು ಅದು. ಬೆಳಿಗ್ಗೆ ಚಾಪೆಲ್ಲಿನ ಗಂಟೆ ಬಾರಿಸಿದರೆ ಹಾಸ್ಟೆಲಿನಲ್ಲಿ ನಾವು ಏಳಬೇಕು. ನಮ್ಮಲ್ಲಿ ಬಹಳ ಮಂದಿ ಹಣೆಗೆ ವಿಭೂತಿ, ಕುಂಕುಮ ಇಟ್ಟುಕೊಳ್ಳುವವರೇ. ಆದರೂ ಏಸುವಿನ ಪ್ರಾರ್ಥನೆ ಎಲ್ಲರಿಗೂ ಬಾಯಿಪಾಠ. ಸಿಸ್ಟರ್ ಮಂಗಳೂರಿನ ಕಡೆಯವರು, ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಅವರ ತರಗತಿಯಲ್ಲಿ ಆಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ನಾನಂತೂ ಅವರಿಗಾಗಿಯೇ ಓದುತ್ತಿದ್ದೆ. ಪ್ರತಿ ಟೆಸ್ಟಿನಲ್ಲೂ ನಾನೇ ಮುಂದೆ. ಸಿಸ್ಟರ್ ಪೇಪರು ಕೊಟ್ಟು, "ಚೆನ್ನಾಗಿದೆ" ಎಂದಷ್ಟೇ ಹೇಳಿ ಪಕ್ಕದ ಬೆಂಚಿಗೆ ಹೋಗಿಬಿಡುತ್ತಿದ್ದರು. ಅಲ್ಲಿ ವಳಕಮದಿನ್ನಿಯವಳು ಕೂಡುತ್ತಿದ್ದಳು. ಅವಳ ತಪ್ಪುಗಳನ್ನು ತಿದ್ದುತ್ತಾ ಸಿಸ್ಟರ್ ಎಷ್ಟೋ ಹೊತ್ತು ಅಲ್ಲೇ ನಿಂತಿರುತ್ತಿದ್ದರು. ಕ್ಲಾಸಿನಲ್ಲಿ ಮೊದಲ ಸ್ಥಾನ ನನ್ನದು, ಸಿಸ್ಟರ್ ಮಾತ್ರ ಅವಳವರು!

ಪ್ರತಿ ಸೆಮಿಸ್ಟರ್ ಮುಗಿದಾಗಲೂ ಅವಳಪ್ಪ ಅವಳ ಓದು ಬಿಡಿಸುವ ಮಾತೆತ್ತುತ್ತಿದ್ದ. ಭತ್ತದ ನಾಟಿಗೆ ಆಳಿಲ್ಲ ಎನ್ನುವುದು ಒಮ್ಮೆ, ಗೊರೇಬಾಳದ ವರ ಬಂದಿದ್ದಾನೆ ಎನ್ನುವುದು ಇನ್ನೊಮ್ಮೆ. ಸುದ್ದಿ ತಿಳಿದರೆ ಸಾಕು, ಸಿಸ್ಟರ್ ಸ್ಕೂಟಿ ತೆಗೆದು ಹೋಗಿ, ಸಂಜೆಗೆ ಅವಳನ್ನು ಹಿಂದೆ ಕೂರಿಸಿಕೊಂಡೇ ಬರುತ್ತಿದ್ದರು. ಗಾಳಿಗೆ ಹಾರುವ ಸಿಸ್ಟರ್ ಸೆರಗನ್ನು ಅವಳು ಒಂದು ಕೈಯಲ್ಲಿ ಒತ್ತಿ ಹಿಡಿದಿರುತ್ತಿದ್ದಳು. ಗೇಟಿನ ಹತ್ತಿರ ನಿಂತು ಅದನ್ನು ನೋಡುವಾಗ ನನ್ನ ಕಣ್ಣಿಗೆ ಖಾರ ಬಿದ್ದಂತಾಗುತ್ತಿತ್ತು.

ಮೊದಲ ಸಲ ಹಾಗೆ ಬಂದ ದಿನ ಹಾಸ್ಟೆಲಿನಲ್ಲಿ ಅವಳು ಹೇಳಿದಳು: "ಸಿಸ್ಟರು ನಮ್ಮಪ್ಪನ ಮುಂದ ನೆಲದ ಮ್ಯಾಲ ಕುಂತ್ರು ಬೇ. ಓದಿನ ಮಾತ ಎತ್ತಲಿಲ್ಲ. ಹಸಿವಾಗೇತಿ, ಮೊದ್ಲು ರೊಟ್ಟಿ ಕೊಡ್ರಿ ಅಂದ್ರು. ಉಂಡು ಕೈ ತೊಳಕೊಂಡ ಮ್ಯಾಲ, ಈಗ ಮಗಳನ್ನ ಕಳಸ್ರಿ ಅಂದ್ರು. ಮನಿಯಾಗ ಉಂಡವ್ರಿಗೆ ಇಲ್ಲ ಅನ್ನಾಕ ನಮ್ಮಪ್ಪಗ ಬಾಯಿ ಬರಲಿಲ್ಲ."

ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಅವಳ ಕಷ್ಟ ನನಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾಗಿದ್ದಕ್ಕೇ ಇನ್ನಷ್ಟು ಉರಿ. ನಮ್ಮವ್ವ ಸಿಸ್ಟರ್‌ಗೆ ರೊಟ್ಟಿ ಬಡಿಸುವುದು ಯಾವಾಗ? ಒಂದು ದಿನ ತಡೆಯಲಾರದೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ, "ಸಿಸ್ಟರ್, ಮಸ್ಕಿಗೆ ನಮ್ಮ ಮನಿಗೂ ಒಮ್ಮೆ ಬರ್ರಿ."

ಸಿಸ್ಟರ್ ನಕ್ಕರು. "ನಾನು ಬಂದು ನಿನ್ನ ಅಪ್ಪನಿಗೆ ಏನು ಹೇಳುವುದು ಮಾರಾಯ್ತಿ? ನಾನು ಹೇಳದೆಯೇ ಅವರು ನಿನ್ನನ್ನು ಓದಿಸುತ್ತಾರಲ್ಲ."

ಆ ಶನಿವಾರ ಊರಿಗೆ ಹೋದವಳೇ ಅಪ್ಪನ ಮೇಲೆ ಹರಿಹಾಯ್ದೆ. ಅಂಚೆ ಕಚೇರಿಯಿಂದ ಆಗಷ್ಟೇ ಬಂದು ಚಹಾ ಕುಡಿಯುತ್ತಿದ್ದ ಪಾಪದ ಮನುಷ್ಯ. "ಅಪ್ಪಾ, ನೀ ಒಮ್ಮೆರ ನನಗ ಓದೂದು ಬ್ಯಾಡ ಅನ್ನು."

"ಉಂಡದ್ದು ಹೆಚ್ಚಾಗೇತೇನು ನಿನಗ?" ಎಂದ ಅಪ್ಪ. "ಮಂದಿ ಮಕ್ಕಳು ಓದಸಪಾ ಅಂತ ಕಾಲಿಗೆ ಬೀಳ್ತಾವ." ಸೋಮವಾರ ಬೆಳಿಗ್ಗೆ ಬೇಗನೆ ಎದ್ದು ತನ್ನ ಬೈಕಿನಲ್ಲಿ ನನ್ನನ್ನು ಸಿಂಧನೂರಿಗೆ ಬಿಟ್ಟು ಬಂದ. ದಾರಿಯುದ್ದಕ್ಕೂ ನಾನು ಅವನ ಹೆಗಲು ಹಿಡಿಯದೆ ಹಿಂದಿನ ಕಂಬಿ ಹಿಡಿದು ಕೂತಿದ್ದೆ.

ಕೊನೆಯ ಪರೀಕ್ಷೆ ಮುಗಿದು ನಾವು ಊರು ಸೇರಿದ ಮೇಲೆ ಸಿಸ್ಟರ್‌ಗೆ ದೂರದ ರಾಜ್ಯಕ್ಕೆ ಬದಲಿಯಾಯಿತು. ಆದೇಶ ಬಂದರೆ ಆ ಸನ್ಯಾಸಿನಿಯರು ಒಂದು ಸೂಟ್‌ಕೇಸ್ ಹಿಡಿದು ಹೊರಟೇಬಿಡುತ್ತಾರೆ. ಅಂಕಪಟ್ಟಿ ತರಲು ಹೋದಾಗ ಅವರ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಹೊಸ ಫೋನ್ ನಂಬರು ಸಿಕ್ಕಿದ್ದು ಅವಳೊಬ್ಬಳಿಗೆ. ಅವಳನ್ನು ಕೇಳಿ ಪಡೆಯಲು ನನ್ನ ಬಿಂಕ ಬಿಡಲಿಲ್ಲ. ಹಾಗೆಯೇ ವರ್ಷಗಳು ಹೋದವು...

ಹೊಸ ಗಾಡಿ ಬಂದ ಆ ಸಂಜೆ ಬಿಂಕ ಬಿಟ್ಟು ಅವಳಿಗೆ ಫೋನ್ ಮಾಡಿದೆ. ಅವಳೀಗ ಸಿಂಧನೂರಿನಲ್ಲಿ ಅಂಗನವಾಡಿ ಮೇಲ್ವಿಚಾರಕಿ. ಸಿಸ್ಟರ್ ನಂಬರು ಕೊಡು ಎಂದೆ.

"ನಿನಗ ಗೊತ್ತಿಲ್ಲನು ಬೇ? ಸಿಸ್ಟರು ಮಳಿಗಾಲದಾಗ ತೀರಿಕೊಂಡ್ರು. ನಾ ಹೋಗಿ ಮಣ್ಣು ಕೊಟ್ಟು ಬಂದೀನಿ."

ಅವಳು ಅಳತೊಡಗಿದಳು. ಆದರೂ ಕೇಳದೆ ಇರಲಾಗಲಿಲ್ಲ: ಸಿಸ್ಟರ್ ಎಂದಾದರೂ ನನ್ನ ಸುದ್ದಿ ತೆಗೆದಿದ್ದರೇ?

"ತೆಗೀತಿದ್ರಲ್ಲ! ಎಲ್ಲಾರ ಬಗ್ಗೆನೂ ಕೇಳ್ತಿದ್ರು. ನಿನ್ನ ಹೆಸರು ಬಂದ್ರ, ಆ ಮಸ್ಕಿ ಹುಡುಗಿದು ನನಗೆ ಚಿಂತೆ ಇಲ್ಲ ಅಂತಿದ್ರು."

ನನಗೆ ಸಮಾಧಾನವಾಗಲಿ ಎಂದೇ ಅವಳು ಹಾಗೆ ಹೇಳಿದಳು. ಫೋನಿಟ್ಟು ಅಂಗಳದಲ್ಲಿ ಕೂತೆ. ಸಿಸ್ಟರ್ ಇನ್ನಿಲ್ಲ, ಇನ್ನು ಕೇಳಿಕೊಳ್ಳಲು ಏನೂ ಉಳಿದಿಲ್ಲ. ಆದರೂ ಕೇಳುತ್ತೇನೆ... ಒಂದೇ ಒಂದು ದಿನ ನನ್ನ ಬಗ್ಗೆಯೂ ಚಿಂತೆ ಮಾಡಬಾರದಿತ್ತೇ, ಸಿಸ್ಟರ್?