ಶ್ರುತಿಪೆಟ್ಟಿಗೆಯ ಸೋತ ಸೆಲ್

“ನಿಲ್ಲು ಬಾಬೂ, ಶ್ರುತಿ ಇಳೀತಿದೆ,” ಎನ್ನುತ್ತಾ ಅತ್ತೆ ತಟ್ಟನೆ ಹಾಡು ನಿಲ್ಲಿಸಿದರು.

ಇವರು ನನ್ನ ಹೆಂಡತಿಯ ಸೋದರತ್ತೆ. ಬಳ್ಳಾರಿಯಿಂದ ಮದುವೆಯಾಗಿ ಬಂದು ವಿಜಯವಾಡದಲ್ಲೇ ನೆಲೆ ನಿಂತವರು. ಅವರ ಹಳೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಬ್ಯಾಟರಿ ಪ್ಯಾಕ್ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಹಳೆಯ ಪ್ಯಾಕನ್ನೇ ಬಿಚ್ಚಿ, ಸತ್ತ ಸೆಲ್‌ಗಳನ್ನು ಕಿತ್ತು, ವಿಶಾಖಪಟ್ಟಣದ ನಮ್ಮ ಮನೆಯಲ್ಲಿ ಹೊಸವನ್ನು ಬೆಸೆದು ಅವರ ಮನೆಗೆ ತಂದಿದ್ದೆ. ಮರುದಿನ ಮಂಗಳಗಿರಿ ಬೆಟ್ಟದ ಮೆಟ್ಟಿಲ ಮೇಲೆ ಅವರ ಭಜನೆ. ಅಲ್ಲಿ ಪ್ಲಗ್ ಇಲ್ಲ, ಮೊಬೈಲಿನ ಶ್ರುತಿ ಅವರಿಗೆ ಸುತಾರಾಂ ಬೇಡ.

ಹೊರಡುವ ಮುಂಚೆ ಅಳೆದಿದ್ದೇನೆ, ವೋಲ್ಟೇಜ್ ಸರಿಯಾಗಿಯೇ ಇದೆ ಎಂದೆ.

“ಅಳೆದಿರಬಹುದು. ನನ್ನ ‘ಸ’ ಅಲ್ಲೇ ಇದೆಯಪ್ಪಾ, ಪೆಟ್ಟಿಗೇನೇ ಕೆಳಗೆ ಹೋಗ್ತಿದೆ.”

ನನಗೂ ಹಟ ಬಂತು. ಪೆಟ್ಟಿಗೆ ನುಡಿಯುತ್ತಿರುವಾಗಲೇ ಒಂದೊಂದೇ ಸೆಲ್ ಅಳೆಯುತ್ತಾ ಹೋದೆ. ಸುಮ್ಮನಿದ್ದಾಗ ಗಟ್ಟಿಯಾಗಿ ಕಂಡ ಒಂದು ಸೆಲ್, ಕೆಲಸ ಬಿದ್ದೊಡನೆ ಕುಸಿಯುತ್ತಿತ್ತು. ಅದನ್ನು ಕಿತ್ತೆಸೆದು, ಬ್ಯಾಗಿನಲ್ಲಿದ್ದ ಹೆಚ್ಚುವರಿ ಸೆಲ್ ಬೆಸೆದೆ. ಅತ್ತೆ ಮತ್ತೆ ಹಾಡಲು ಕೂತರು. ಅವರು ತಲೆಯಾಡಿಸುವ ತನಕ ನಾನು ಪ್ಯಾಕಿನ ಮುಚ್ಚಳ ಹಾಕಲಿಲ್ಲ.

ಅಂದಿನಿಂದ ಯಾವ ಪ್ಯಾಕ್ ಕಟ್ಟಿದರೂ ಕೆಲಸಕ್ಕೆ ಹಚ್ಚಿ ನೋಡದೆ ಯಾರ ಕೈಗೂ ಕೊಟ್ಟಿಲ್ಲ. ಮರುದಿನ ಬೆಟ್ಟದಲ್ಲಿ ಭಜನೆ ಮುಗಿಯುವಾಗ ಹಾಡಿ ಹಾಡಿ ಅತ್ತೆಯ ಸ್ವರ ಇಳಿದಿತ್ತು, ಪೆಟ್ಟಿಗೆ ಮಾತ್ರ ಅದೇ ‘ಸ’ ಹಿಡಿದು ನಿಂತಿತ್ತು. ಅತ್ತೆ ನಗುತ್ತಾ ಅದರ ತಲೆ ಸವರಿ, “ಇವತ್ತು ಇಳಿದವಳು ನಾನೇ ಬಾಬೂ,” ಎಂದರು.